ನನ್ನ ಅಂಗಳಕ್ಕೆ ಇಂಟರ್‌ಲಾಕ್ ಬೇಡ

ಸಂತೋಷವಾದವರು ಸಿಟ್ಟು ಮಾಡಬಾರದು ಎಂದು ಎಲ್ಲಿಯಾದರೂ ಕಾನೂನು ಉಂಟೋ? ಇದ್ದರೆ ನನ್ನನ್ನು ಹಿಡಿದುಕೊಂಡು ಹೋಗಲಿ. ನನ್ನ ಮಗಳ ಮಗಳು ಹೆಂಗಸರ ಗಾಲ್ಫ್ ಪಂದ್ಯದಲ್ಲಿ ದೇಶದ ತಂಡಕ್ಕೆ ಆಡಿ ಬಂದಿದ್ದಾಳೆ. ಲೋಕದ ಎಲ್ಲೆಲ್ಲಿಯದೋ ದೇಶಗಳ ಹುಡುಗಿಯರು ಸೇರಿದ ಪಂದ್ಯ ಅದು. ಆ ಸಂತೋಷ ನನ್ನ ಹೊಟ್ಟೆಯಲ್ಲಿ ನಿಲ್ಲುವುದಿಲ್ಲ. ವಾಮದಪದವಿಗೆ ಹೋದರೆ ಮೀನು ಮಾರುವವನಿಗೂ ಹೇಳುತ್ತೇನೆ, ಬಸ್ಸಿನಲ್ಲಿ ಪಕ್ಕಕ್ಕೆ ಬಂದು ಕುಳಿತ ಗುರುತಿಲ್ಲದವರಿಗೂ ಹೇಳುತ್ತೇನೆ. ಆದರೆ ಹೇಳುತ್ತ ಹೇಳುತ್ತ ನನ್ನ ಸ್ವರ ಏರುತ್ತದೆ. ಪಾಪ, ಕೇಳುವವರು ತಮಗೇ ಬೈಯುತ್ತಿದ್ದೇನೆ ಎಂದುಕೊಂಡು ಸರಿದು ಕುಳಿತುಕೊಳ್ಳುತ್ತಾರೆ. ಅವಳು ಅಲ್ಲಿ ಆಡುತ್ತಿದ್ದ ದಿನಗಳಲ್ಲಿ ನಾನು ಇಲ್ಲಿ ನನ್ನ ಅಂಗಳ ಉಳಿಸಿಕೊಳ್ಳಲು ಒಡಹುಟ್ಟಿದ ತಮ್ಮನ ಜೊತೆ ಯುದ್ಧ ಮಾಡುತ್ತಿದ್ದೆ. ಅದು ನೆನಪಾದರೆ ಈಗಲೂ ಮೈ ಉರಿಯುತ್ತದೆ.

ನಾನು ಶಾಲೆ ಕಂಡದ್ದು ನಾಲ್ಕನೆಯ ಕ್ಲಾಸಿನವರೆಗೆ. ಗಾಲ್ಫ್ ಎಂದರೆ ಏನೆಂದು ಹೇಳಿಕೊಟ್ಟವನು ಅಳಿಯ. ಅವನು ಗಲ್ಫಿನಲ್ಲಿ ಇಂಥದ್ದೇ ಒಂದು ಆಟದ ಬಯಲಿನ ಹುಲ್ಲು ನೋಡಿಕೊಳ್ಳುವ ಕೆಲಸದಲ್ಲಿದ್ದಾನೆ. ಮಗು ನಡೆಯಲು ಕಲಿತಾಗಲೇ ಒಂದು ಹಳೆಯ ಕೋಲನ್ನು ಗಿಡ್ಡ ಮಾಡಿ ಅದರ ಕೈಗೆ ಕೊಟ್ಟನಂತೆ. ಹೈಸ್ಕೂಲಿಗೆ ಬರುವಾಗ ಅವಳು ತಾಯಿಯ ಜೊತೆ ನನ್ನ ಮನೆಗೆ ಬಂದಳು. ನಮ್ಮ ಅಳಿಯಕಟ್ಟಿನ ಪದ್ಧತಿಯಲ್ಲಿ ಹೆಣ್ಣುಮಕ್ಕಳು ತಾಯಿಯ ಮನೆಯವರು, ಅವರ ಮಕ್ಕಳೂ ತಾಯಿಯ ಮನೆಯವರು. ಹಾಗಾಗಿ ಅವಳು ನನ್ನ ಮನೆಯ ಕುಡಿಯೇ. ಮೊಮ್ಮಗಳಿಗೆ ನಮ್ಮಲ್ಲಿ ಪುಳ್ಳಿ ಎನ್ನುತ್ತಾರೆ. ಈಗ ಮೂಡುಬಿದಿರೆಯಲ್ಲಿ ಕಾಲೇಜು, ಹಾಸ್ಟೆಲ್ಲು. ಶನಿವಾರ ಆ ಉದ್ದದ ಚೀಲ ಹೊತ್ತುಕೊಂಡು ಬಸ್ಸಿನಲ್ಲಿ ಬರುತ್ತಾಳೆ. ಒಮ್ಮೆ ನಾನು ಜೊತೆಯಲ್ಲಿದ್ದಾಗ ಕಂಡಕ್ಟರ್ ಕೇಳಿದ್ದ, "ಎಂತದು ಇದು, ಕೋವಿಯಾ?"

"ಹೌದು ಮಾರಾಯ, ಮುಂದಿನ ಸ್ಟಾಪಿನಲ್ಲಿ ನಿನ್ನನ್ನೇ ಹೊಡಿಯುವುದು. ಲಗೇಜ್ ಟಿಕೆಟ್ ಕೇಳಿದರೆ ಈಗಲೇ" ಎಂದೆ ನಾನು. ಅವನು ಟಿಕೆಟ್ ಕೇಳಲಿಲ್ಲ.

ನಮ್ಮ ಸುತ್ತಲಿನ ಮೂರು ತಾಲೂಕಿನಲ್ಲಿ ಎಲ್ಲಿ ಹುಡುಕಿದರೂ ಗಾಲ್ಫ್ ಆಡುವ ಬಯಲು ಇಲ್ಲ. ದೊಡ್ಡ ಹೊಡೆತ ಕಲಿಯಲು ಅವಳು ರಜೆಯಲ್ಲಿ ದೂರದ ಕ್ಯಾಂಪುಗಳಿಗೆ ಹೋಗುತ್ತಾಳೆ. ಆದರೆ ಕೊನೆಯ ಹೊಡೆತ ಉಂಟಲ್ಲ, ಗುಂಡಿಯ ಹತ್ತಿರ ಬಂದ ಚೆಂಡನ್ನು ಮೆತ್ತಗೆ ಉರುಳಿಸಿ ಒಳಗೆ ಬೀಳಿಸುವುದು, ಅದನ್ನು ಕಲಿತದ್ದು ನನ್ನ ಅಂಗಳದಲ್ಲಿ. ಇದನ್ನು ನಾನು ಹೆಮ್ಮೆಗಾಗಿ ಹೇಳುವುದಲ್ಲ, ಅವಳೇ ಹೇಳಿದ ಮಾತು.

ಮಳೆ ಬಿಟ್ಟ ಮೇಲೆ ನಾವು ಅಂಗಳ ಮಾಡುತ್ತೇವೆ. ಪಾಚಿ ಕೆತ್ತಿ, ಕೆಂಪು ಮಣ್ಣು ಹರಡಿ, ನೀರು ಚಿಮುಕಿಸಿ, ಅಗಲದ ಮರದ ಹಲಗೆಯಿಂದ ಪಟಪಟ ಬಡಿದು ಗಟ್ಟಿ ಮಾಡುವುದು. ಆಮೇಲೆ ಸೆಗಣಿ ನೀರಿಗೆ ಸ್ವಲ್ಪ ಮಸಿ ಸೇರಿಸಿ, ಅಡಿಕೆ ಹಾಳೆಯ ತುಂಡಿನಿಂದ ತೆಳ್ಳಗೆ ಸಾರಿಸುವುದು. ಒಣಗಿದಾಗ ಅದು ಕರಿಕಲ್ಲಿನ ಹಾಗೆ ಇರುತ್ತದೆ. ಮೊದಲು ಭತ್ತ ಬಡಿಯಲು ಮಾಡುತ್ತಿದ್ದೆವು, ಈಗ ಅಡಿಕೆ ಒಣಗಿಸಲು. ಅವಳು ಬಂದ ಮೇಲೆ ಅಡಿಕೆಗೆ ಅರ್ಧ ಅಂಗಳ, ಅವಳಿಗೆ ಅರ್ಧ. ತೆಂಗಿನ ಗೆರಟೆಯನ್ನು ಮಣ್ಣಿನ ಮಟ್ಟಕ್ಕೆ ಹೂತು ಅದನ್ನೇ ಗುಂಡಿ ಮಾಡಿಕೊಂಡಳು. ಮಳೆನೀರು ಹರಿದು ಹೋಗಲಿ ಎಂದು ಅಂಗಳಕ್ಕೆ ನಾವು ಕಾಣದಷ್ಟು ಇಳಿಜಾರು ಕೊಟ್ಟಿರುತ್ತೇವೆ. ಆ ಇಳಿಜಾರಿನಲ್ಲಿ ಚೆಂಡು ಎತ್ತ ತಿರುಗುತ್ತದೆ ಎಂದು ಅವಳು ನೆಲಕ್ಕೆ ಕೆನ್ನೆ ಹಚ್ಚಿ ನೋಡುತ್ತಾಳೆ. ಮುಖಕ್ಕೆ ಸೆಗಣಿ ವಾಸನೆ ಹತ್ತಿದರೂ ಚಿಂತೆಯಿಲ್ಲ.

ಈಗ ನನ್ನ ತಮ್ಮನ ವಿಷಯ. ಮುಂಬೈಯಲ್ಲಿ ಹೋಟೆಲು ನಡೆಸಿ, ಊರಿಗೆ ಬಂದು ಬೆಳ್ತಂಗಡಿಯ ಹತ್ತಿರ ಲಾಯಿಲದಲ್ಲಿ ಮನೆ ಕಟ್ಟಿದವನು. ನಾನಿರುವುದು ಕುಟುಂಬದ ಮನೆ. ಮನೆಯಲ್ಲಿ ನಾವು ಹೆಂಗಸರು ಇದ್ದರೂ ಯಜಮಾನಿಕೆ ಅವನದ್ದು. ವರ್ಷಕ್ಕೊಮ್ಮೆ ದೈವದ ಪರ್ವಕ್ಕೆ ಕುಟುಂಬದವರೆಲ್ಲ ಬರುವಾಗ ಅಂಗಳದ ಧೂಳು ಕಾರಿಗೆ ಹಾರುತ್ತದೆಂದು ಅವನಿಗೆ ಬಹಳ ಬೇಸರ. ಮೊಮ್ಮಗಳು ವಿಮಾನ ಹತ್ತಿದಳೋ ಇಲ್ಲವೋ, ಬೆಳ್ತಂಗಡಿಯಿಂದ ನೆಲಕ್ಕೆ ಹಾಸುವ ಸಿಮೆಂಟಿನ ಇಂಟರ್‌ಲಾಕ್ ಕಲ್ಲಿನ ಲಾರಿ ಬಂದು ನನ್ನ ಗೇಟಿನ ಮುಂದೆ ಹಾರನ್ ಹೊಡೆಯಿತು. ಹಿಂದಿನಿಂದ ಇವನ ಕಾರು.

"ಎಂತ ಇದು?" ಎಂದೆ.

"ಅಂಗಳಕ್ಕೆ ಅಕ್ಕ. ಪುಳ್ಳಿ ಬರುವಷ್ಟರಲ್ಲಿ ಹಾಕಿಸಿ ಮುಗಿಸುವ. ಈಗ ಯಾರ ಮನೆಯಲ್ಲಿ ಉಂಟು ಸೆಗಣಿ ಅಂಗಳ? ಲಾಯಿಲದಲ್ಲಿ ನನ್ನ ನಾಯಿ ಸಹ ಇಂಟರ್‌ಲಾಕಿನ ಮೇಲೆ ಮಲಗುವುದು."

"ಹಾಗಾದರೆ ಮುಂದಿನ ಸಲ ದೇಶಕ್ಕೆ ಆಡಲಿಕ್ಕೆ ನಿನ್ನ ನಾಯಿಯನ್ನು ಕಳಿಸು. ಇದು ಅವಳು ಆಡುವ ಜಾಗ. ಕಲ್ಲಿನ ಸಂದಿ ಸಂದಿಯಲ್ಲಿ ಚೆಂಡು ಹಾರಿದರೆ ಅವಳು ಎಂತ ಕಲಿಯುವುದು?"

"ಅಕ್ಕ, ಅವಳು ಈಗ ದೊಡ್ಡ ದೊಡ್ಡ ಜಾಗದಲ್ಲಿ ಆಡುವವಳು. ನಿನ್ನ ಸೆಗಣಿ ಯಾರಿಗೆ ಬೇಕು?"

ಬಂದು ಆಡಲು ಬೇರೆ ಜಾಗ ಇಲ್ಲದವಳಿಗೆ ಇದೊಂದು ಇತ್ತು. ಮುಂದಿನ ವರ್ಷದ ಆಯ್ಕೆಗೆ ಅವಳು ಮತ್ತೆ ತಯಾರಾಗಬೇಕು. ಇದನ್ನು ಹೇಳಿದರೆ ತಮ್ಮ ನಕ್ಕ. ನಾನು ಲಾರಿಯ ಮುಂದೆಯೇ ನಿಂತೆ. ಕೊನೆಗೆ ಕಲ್ಲುಗಳನ್ನು ಗೇಟಿನ ಪಕ್ಕ ಅಂಗಳದ ಅಂಚಿನಲ್ಲಿ ರಾಶಿ ಹಾಕಿ ಲಾರಿ ಹೋಯಿತು. ಜೋಡಿಸುವ ಆಳುಗಳು ಸಿಗುವುದು ಮುಂದಿನ ವಾರವಂತೆ. ಸದ್ಯ ಬದುಕಿದೆ.

ಪಂದ್ಯ ಶುರುವಾದ ದಿನ ಅಲ್ಲಿಯ ಬೆಳಗ್ಗೆ ನಮಗೆ ಮಧ್ಯಾಹ್ನ. ನಾನು, ಮಗಳು ಜಗಲಿಯಲ್ಲಿ ಮೊಬೈಲು ಹಿಡಿದು ಕುಳಿತೆವು. ತಮ್ಮನೂ ಬಂದ. ಅವನಿಗೂ ಅವಳೆಂದರೆ ಜೀವ, ಇಲ್ಲ ಎನ್ನುವುದಿಲ್ಲ. ಈ ಆಟದಲ್ಲಿ ಕಡಿಮೆ ಹೊಡೆತದಲ್ಲಿ ಮುಗಿಸಿದವರೇ ಜಾಣರು. ಹಣವೂ ಇಲ್ಲ, ಹಣ ತೆಗೆದುಕೊಳ್ಳದೆ ಆಡುವವರಿಗೆಂದೇ ಇರುವ ಪಂದ್ಯ. ಇಷ್ಟು ನನಗೆ ಗೊತ್ತಿತ್ತು. ಗೊತ್ತಿಲ್ಲದ್ದು ಸಂಜೆ ಗೊತ್ತಾಯಿತು. ಪ್ರತಿ ದೇಶದಿಂದ ಮೂವರು ಆಡುವುದು, ಆದರೆ ಪ್ರತಿದಿನ ಇಬ್ಬರ ಲೆಕ್ಕ ಮಾತ್ರ ಹಿಡಿಯುವುದು. ಮೂವರಲ್ಲಿ ಯಾರು ಹೆಚ್ಚು ಹೊಡೆದರೋ ಅವರದ್ದನ್ನು ಬಿಟ್ಟುಬಿಡುತ್ತಾರೆ. ಆ ದಿನ ಬಿಟ್ಟದ್ದು ನಮ್ಮವಳದ್ದು.

ನನಗೆ ಎಷ್ಟು ಸಿಟ್ಟು ಬಂತೆಂದರೆ ಮೊಬೈಲನ್ನು ಬಾವಿಗೆ ಎಸೆಯಬೇಕೆನಿಸಿತು. ಮೂವರು ಹೆಂಗಸರು ಬೆಳಗ್ಗಿನಿಂದ ಹೊಗೆಯಲ್ಲಿ ಬೆಂದು ಅಡುಗೆ ಮಾಡಿ, ಬಡಿಸುವಾಗ ಒಬ್ಬಳ ಪಾತ್ರೆಯನ್ನು ಹಿತ್ತಿಲಿಗೆ ಚೆಲ್ಲಿದ ಹಾಗಲ್ಲವೇ ಇದು? ಬಿಸಿಲಿನಲ್ಲಿ ಅವಳೂ ಅಷ್ಟೇ ನಡೆದಿದ್ದಾಳೆ. ಫೋನಿನಲ್ಲಿ ಅಳಿಯನಿಗೇ ಬೈದೆ. "ಅತ್ತೆ, ಅದು ರೂಲು, ನಾನು ಮಾಡಿದ್ದಲ್ಲ" ಎಂದ. ಯಾರು ಮಾಡಿದ್ದು ಹಾಗಾದರೆ? ಅವರ ನಂಬರು ಕೊಡು ಎಂದೆ. ಕೊಡಲಿಲ್ಲ.

ಮರುದಿನ ನಮ್ಮವಳು ಚೆನ್ನಾಗಿಯೇ ಆಡಿದಳು. ಉಳಿದ ಇಬ್ಬರು ಇನ್ನೂ ಚೆನ್ನಾಗಿ ಆಡಿದರು. ಒಂದೇ ಒಂದು ಹೊಡೆತ ಹೆಚ್ಚಾಯಿತೆಂದು ಅವಳದ್ದನ್ನು ಬಿಟ್ಟರು. ಸಾಮಾನು ತರಲು ಹೋದರೆ ಅಂಗಡಿಯವನು ಹಲ್ಲು ಕಿರಿದು ಕೇಳಿದ, "ಎಂತ ಅಜ್ಜಿ, ನಿಮ್ಮ ಪುಳ್ಳಿ ಸ್ಟೆಪ್ನಿಯಂತೆ?" ಟಯರು ಪಂಕ್ಚರಾದರೆ ಇರಲಿ ಎಂದು ಜೀಪಿನ ಹಿಂದೆ ಕಟ್ಟಿರುತ್ತಾರಲ್ಲ, ಅದು. ಇಂಥ ಮಾತು ಅವನ ತಲೆಯಲ್ಲಿ ಹುಟ್ಟುವುದಿಲ್ಲ. ಲಾಯಿಲದಿಂದ ಬರುವ ದಾರಿಯಲ್ಲಿ ತಮ್ಮ ಅಲ್ಲಿ ಚಹಾ ಕುಡಿದಿದ್ದಾನೆ ಎಂದು ಗೊತ್ತಾಯಿತು.

ಮನೆಗೆ ಬಂದು ಕೇಳಿದರೆ ಅವನು ಅಡಗಿಸಲೂ ಇಲ್ಲ. "ತಮಾಷೆಗೆ ಹೇಳಿದ್ದು ಅಕ್ಕ. ಆದರೆ ನೀನೇ ಹೇಳು, ಲೆಕ್ಕಕ್ಕೆ ಬಾರದ ಆಟಕ್ಕೆ ಅಂಗಳ ಇಟ್ಟುಕೊಳ್ಳುವುದಾ?"

"ಲೆಕ್ಕಕ್ಕೆ ಬಂದರೆ?"

"ಬಂದರೆ ಬಿಟ್ಟೆ. ಒಂದು ದಿನ, ಒಂದೇ ದಿನ ಅವಳದ್ದನ್ನು ಹಿಡಿಯಲಿ. ಮತ್ತೆ ನಾನು ಈ ಅಂಗಳಕ್ಕೆ ಕೈ ಹಾಕುವುದಿಲ್ಲ. ಸತ್ಯ."

"ದೈವದ ಕೋಣೆಯ ಎದುರು ನಿಂತು ಹೇಳು."

ನಿಂತು ಹೇಳಿದ. ಮಗಳು ಸಾಕ್ಷಿ.

ಮೂರನೆಯ ದಿನ ಅವಳ ಚೆಂಡು ನೀರಿಗೆ ಬಿತ್ತಂತೆ, ಆ ದಿನವೂ ಅವಳದ್ದನ್ನು ಬಿಟ್ಟರು. ಅಷ್ಟು ಖರ್ಚು ಮಾಡಿ ಬಯಲು ಮಾಡುವವರು ನಡುವೆ ಕೆರೆ ಯಾಕೆ ತೋಡುತ್ತಾರೋ! ದನಗಳು ಕುಡಿಯುವುದೂ ಇಲ್ಲ. ಆ ಸಂಜೆ ಅವಳು ಫೋನು ಮಾಡಿದಾಗ ಸ್ವರ ಸಣ್ಣದಾಗಿತ್ತು. "ಅಜ್ಜಿ, ನಾನು ಸುಮ್ಮನೆ ಬಂದದ್ದಾ?" ಎಂದು ಕೇಳಿದಳು. ನಾನು ಅಳಲಿಲ್ಲ. ಅಳುವುದಕ್ಕಿಂತ ಬೈಯುವುದು ನನಗೆ ಸುಲಭ. "ಸುಮ್ಮನೆ ಹೋಗಲಿಕ್ಕೆ ಅದೇನು ಮದುವೆ ಮನೆಯಾ? ಊಟ ಸರಿ ಮಾಡಿದಿಯಾ? ಅಲ್ಲಿಯ ನೆಲ ಹೇಗೆ ಉಂಟು?" ಎಂದೆ.

"ನೆಲ ಬಹಳ ಫಾಸ್ಟ್ ಅಜ್ಜಿ. ಎಲ್ಲರಿಗೂ ಚೆಂಡು ಗುಂಡಿ ದಾಟಿ ಹೋಗ್ತದೆ. ನಮ್ಮ ಅಂಗಳದ ಹಾಗೇ ಉಂಟು. ಹತ್ತಿರ ಬಂದ ಮೇಲೆ ನಂಗೆ ತೊಂದರೆ ಇಲ್ಲ. ಹತ್ತಿರ ಬರುವುದೇ ಕಷ್ಟ."

"ಹಾಗಾದರೆ ಹತ್ತಿರ ಬಾ. ಮತ್ತೆ ನಿನ್ನದೇ ಅಂಗಳ."

ಇಂಟರ್‌ಲಾಕಿನ ಸುದ್ದಿ ಅವಳಿಗೆ ಹೇಳಲಿಲ್ಲ. ಆ ರಾಶಿಯನ್ನು ದಾಟಿ ನಾನು ಕೊಟ್ಟಿಗೆಗೆ ಹೋಗಬೇಕು. ಹೋಗುವಾಗಲೂ ಬರುವಾಗಲೂ ಒಂದು ಕಲ್ಲಿಗಾದರೂ ಬೈದು ಹೋಗುತ್ತಿದ್ದೆ.

ನಾಲ್ಕನೆಯ ದಿನವೇ ಕೊನೆಯ ದಿನ, ತಮ್ಮ ಬೆಳಗ್ಗೆಯೇ ಬಂದು ಕುಳಿತ. ಮೊಬೈಲಿನಲ್ಲಿ ಆಟ ಕಾಣುವುದಿಲ್ಲ, ಬರೀ ಅಂಕಿಗಳು ಬರುತ್ತವೆ. ಒಂದೊಂದು ಗುಂಡಿ ಮುಗಿದಾಗ ಒಂದು ಅಂಕಿ. ಮಗಳು ಓದಿ ಹೇಳುವುದು, ನಾವಿಬ್ಬರು ಉಸಿರು ಹಿಡಿಯುವುದು. ಅರ್ಧ ಆಟ ಮುಗಿಯುವಾಗ ಮೂವರಲ್ಲಿ ನಮ್ಮವಳೇ ಮುಂದೆ. ತಮ್ಮ ಎಲೆ ಅಡಿಕೆ ಜಗಿಯುವುದನ್ನು ನಿಲ್ಲಿಸಿದ. ಇಷ್ಟು ದಿನ ತಂಡವನ್ನು ಎತ್ತಿ ಹಿಡಿದಿದ್ದ ಇನ್ನೊಬ್ಬ ಹುಡುಗಿಗೆ ಅಂದು ಕೈ ಕೂಡಲಿಲ್ಲ. ಕೊನೆಯ ಗುಂಡಿಯ ಅಂಕಿ ಬಂದಾಗ ಮಗಳು ಮೊಬೈಲನ್ನು ಕಣ್ಣಿನ ಹತ್ತಿರ ಹಿಡಿದು ಬೆರಳಿನಲ್ಲಿ ಲೆಕ್ಕ ಕೂಡಿಸತೊಡಗಿದಳು. ನಾನು ಬೈದೆ, "ಬಾಯಿ ಬಿಡು ಮಾರಾಯ್ತಿ, ಸತ್ತು ಹೋಗ್ತೇನೆ ನಾನು."

"ಹಿಡಿದರು ಅಮ್ಮ. ಇವಳದ್ದನ್ನು ಹಿಡಿದರು. ಮೂವರಲ್ಲಿ ಇವಳದ್ದೇ ಕಡಿಮೆ."

ನಾನು ಕೂಗಿದ್ದು ಎಷ್ಟು ದೂರ ಕೇಳಿತೋ, ಆಚೆ ಮನೆಯವರು ಹಾವು ಬಂತೆಂದು ಕೋಲು ಹಿಡಿದು ಓಡಿ ಬಂದರು. ತಮ್ಮನಂತೂ ಚಿಕ್ಕ ಮಕ್ಕಳ ಹಾಗೆ ಅತ್ತ. ನನ್ನ ಕೈ ಹಿಡಿದು ಅಲುಗಾಡಿಸಿದ. ತಂಡ ಗೆಲ್ಲಲಿಲ್ಲ, ಪಟ್ಟಿಯ ಮಧ್ಯದಲ್ಲಿ ಎಲ್ಲೋ ನಿಂತಿತು. ನಿಲ್ಲಲಿ. ಸಂಜೆ ಅವಳು ಫೋನು ಮಾಡಿ ಮೊದಲು ಹೇಳಿದ್ದು ಅಂದು ಲೆಕ್ಕದಿಂದ ಬಿಟ್ಟುಹೋದ ಆ ಇನ್ನೊಬ್ಬ ಹುಡುಗಿಯ ಮಾತು. "ಅವಳು ಬಾತ್‌ರೂಮಿನಲ್ಲಿ ಅಳ್ತಾ ಇದ್ದಾಳೆ ಅಜ್ಜಿ." ನನಗೆ ಮತ್ತೆ ಅದೇ ಸಿಟ್ಟು. ನಮ್ಮವಳದ್ದು ಬಂತೆಂದು ಆ ರೂಲು ಒಳ್ಳೆಯದಾಗುತ್ತದೆಯೇ? ಮೂವರು ಆಡಿದರೆ ಮೂವರದ್ದನ್ನೂ ಹಿಡಿಯಬೇಕು. ಈಗಲೂ ನನ್ನ ಮಾತು ಅದೇ.

ಅಂಗಳ ಉಳಿಯಿತು ಎಂದು ನಾನು ಆ ದಿನ ನೆಮ್ಮದಿಯಿಂದ ಮಲಗಿದೆ. ಎಂಥ ಪೆದ್ದು ನಾನು!

ಮರುದಿನ ತಮ್ಮನ ಫೋನು. "ಅಕ್ಕ, ಆದಿತ್ಯವಾರ ಸನ್ಮಾನ. ನಮ್ಮ ಅಂಗಳದಲ್ಲೇ. ಪಂಚಾಯತಿನವರು, ಬಂಟ್ವಾಳದ ದೊಡ್ಡ ದೊಡ್ಡವರು, ಪೇಪರಿನವರು, ಎಲ್ಲ ಬರ್ತಾರೆ. ಶಾಮಿಯಾನ ಹೇಳಿ ಆಯಿತು. ಶುಕ್ರವಾರ ಆಳುಗಳು ಬರ್ತಾರೆ, ಕಲ್ಲು ಜೋಡಿಸಿ ಬಿಡುವ."

"ಎಂತ ಹೇಳಿದೆ?"

"ಅಲ್ಲ ಅಕ್ಕ, ಅಷ್ಟು ದೊಡ್ಡವರನ್ನು ಸೆಗಣಿಯ ಮೇಲೆ ಕೂರಿಸುವುದಾ? ದೇಶಕ್ಕೆ ಆಡಿದ ಹುಡುಗಿ ನಮ್ಮದು. ನಮಗೆ ಮರ್ಯಾದೆ ಇಲ್ವಾ?"

"ದೈವದ ಎದುರು ಹೇಳಿದ್ದು?"

"ಅದು ಅವಳು ಸೋತರೆ ಅಂತ ಇದ್ದ ಇಂಟರ್‌ಲಾಕ್. ಇದು ಅವಳ ಮರ್ಯಾದೆಗೆ ಹಾಕುವ ಇಂಟರ್‌ಲಾಕ್. ಇದು ಬೇರೆ."

ನೋಡಿ, ಇಂಥವರ ಜೊತೆ ಹೇಗೆ ಬದುಕುವುದು? ದ್ವೇಷದಿಂದ ಹಾಳು ಮಾಡುವವನಾದರೆ ಪೊಲೀಸರಿಗೆ ಹೇಳಬಹುದು. ಇವನು ಪ್ರೀತಿಯಿಂದ ಹಾಳು ಮಾಡುವವನು. ಹುಡುಗಿ ಆಡಿ ಕಲಿತ ನೆಲವನ್ನು, ಆ ಹುಡುಗಿಯ ಗೌರವಕ್ಕೆಂದೇ ಮುಚ್ಚಿ ಹಾಕಿ, ಅದರ ಮೇಲೆ ಕುರ್ಚಿ ಇಟ್ಟು, ಅವಳಿಗೆ ಶಾಲು ಹೊದೆಸುವುದಂತೆ! ನಾನು ಫೋನಿನಲ್ಲಿ ಏನೇನು ಹೇಳಿದೆನೋ, ಅದನ್ನು ಇಲ್ಲಿ ಬರೆಯಲು ಬರುವುದಿಲ್ಲ. ಅವನು ಇಟ್ಟುಬಿಟ್ಟ. ಮತ್ತೆ ಮಾಡಿದರೆ ಎತ್ತಲಿಲ್ಲ.

ಶುಕ್ರವಾರ ನಾನು ಬೇಗ ಎದ್ದೆ. ನಮ್ಮ ದನಗಳದ್ದು ಸಾಲಲಿಲ್ಲ, ಆಚೆ ಮನೆಯಿಂದಲೂ ಸೆಗಣಿ ತಂದೆ. ಹಾಳೆ ತುಂಡು ಹಿಡಿದು, ಸೊಂಟ ಬಗ್ಗಿಸಿ, ಗೇಟಿನಿಂದ ಶುರು ಮಾಡಿ ಇಡೀ ಅಂಗಳ ಸಾರಿಸಿದೆ. ಮಗಳು "ಅಮ್ಮ, ನಿಮಗೆ ಹುಚ್ಚಾ?" ಎಂದಳು. ಆಮೇಲೆ ಅವಳೇ ನೀರು ತಂದು ಸುರಿದಳು.

ಆಳುಗಳು ಪಿಕಪ್ಪಿನಲ್ಲಿ ಬಂದು ಇಳಿದರು. ಸುತ್ತಿಗೆ, ಹಗ್ಗ, ಎಲ್ಲ ತಂದಿದ್ದರು. ಗೇಟಿನ ಹತ್ತಿರ ಬಂದವರು ಅಲ್ಲೇ ನಿಂತರು. ಹಸಿ ಸೆಗಣಿಯ ಅಂಗಳಕ್ಕೆ ನಮ್ಮ ಕಡೆ ಯಾರೂ ಕಾಲಿಡುವುದಿಲ್ಲ. ಮನೆಯ ಹೆಂಗಸು ಸಾರಿಸಿದ್ದನ್ನು ತುಳಿದರೆ ಅವಳನ್ನೇ ತುಳಿದ ಹಾಗೆ. ಅವರೆಲ್ಲ ಇಲ್ಲಿಯವರೇ, ಅವರ ಮನೆಯಲ್ಲಿಯೂ ತಾಯಿ ಉಂಟು.

"ಅಮ್ಮ, ಎಷ್ಟು ಹೊತ್ತಿಗೆ ಒಣಗ್ತದೆ?" ಎಂದು ಅವರಲ್ಲಿ ಹಿರಿಯವನು ಕೇಳಿದ.

"ಬಿಸಿಲಿಗೆ ಗೊತ್ತು. ಕೂತುಕೊಳ್ಳಿ, ಚಹಾ ಕೊಡ್ತೇನೆ."

ಗೇಟಿನ ಹೊರಗಿನ ಹಲಸಿನ ಮರದ ಅಡಿಯಲ್ಲಿ ಅವರು ಕುಳಿತರು. ಚಹಾ ಕೊಟ್ಟೆ, ಅವಲಕ್ಕಿ ಕೊಟ್ಟೆ. ಅಂಗಳ ಇನ್ನೇನು ಒಣಗಿತು ಎನ್ನುವಾಗ ಬಕೆಟು ಹಿಡಿದು ಮತ್ತೆ ಇಳಿದೆ. ಹಿರಿಯವನಿಗೆ ಅರ್ಥವಾಯಿತು. ಬೇರೆ ಕಡೆ ನೋಡಿ ನಕ್ಕ. ತಮ್ಮನಿಗೆ ಫೋನು ಮಾಡಿ, "ಧಣಿ, ಇಲ್ಲಿ ಆಗ್ಲಿಕ್ಕಿಲ್ಲ, ಅಮ್ಮ ಸಾರಿಸ್ತಾನೇ ಇದ್ದಾರೆ" ಎಂದ. ಮಧ್ಯಾಹ್ನ ನಾನು ಮೂರನೆಯ ಸಲ ಸಾರಿಸುವಾಗ ತಮ್ಮನ ಕಾರು ಬಂತು.

ಗೇಟಿನಲ್ಲಿ ನಿಂತು ಕೂಗಿದ. "ಅಕ್ಕ! ಎಂತ ನಾಟಕ ಇದು? ಊರಿಗೆಲ್ಲ ಹೇಳಿ ಆಗಿದೆ. ನನ್ನ ಮರ್ಯಾದೆ ತೆಗಿಬೇಡ."

"ನಿನ್ನ ಮರ್ಯಾದೆ ಲಾಯಿಲದಲ್ಲಿ ಹಾಸಿಕೋ. ಧೈರ್ಯ ಇದ್ದರೆ ಕಾಲಿಡು. ಬಾ. ನಿನ್ನ ಅಕ್ಕ ಸಾರಿಸಿದ ನೆಲ. ತುಳಿದುಕೊಂಡು ಬಾ."

ಅವನು ಚಪ್ಪಲಿ ಬಿಚ್ಚಿದ. ಒಂದು ಕಾಲು ಎತ್ತಿದ. ಗೇಟಿನ ಹೊರಗೇ ಇಳಿಸಿದ. ಆಗ ಹಿಂದಿನಿಂದ ಇನ್ನೊಂದು ಕಾರು ಬಂದು ನಿಂತಿತು. ಮಂಗಳೂರಿನಲ್ಲಿ ವಿಮಾನ ಇಳಿದು ಬಂದ ಮೊಮ್ಮಗಳು. ಎದುರಿಗೆ ಹೋಗಿ ಕರೆದುಕೊಂಡು ಬರಬೇಕಾದವರು ನಾವು, ಹೀಗೆ ಆಚೆ ಒಬ್ಬ ಈಚೆ ಒಬ್ಬಳು ನಿಂತು ಹಲ್ಲು ಕಡಿಯುತ್ತಿದ್ದೇವೆ. ಅವಳು ಕಲ್ಲಿನ ರಾಶಿ ನೋಡಿದಳು, ಬಕೆಟು ನೋಡಿದಳು. ಯಾರೂ ಹೇಳಿಕೊಡಬೇಕಾಗಲಿಲ್ಲ. ರಾಶಿಯಿಂದ ಕಲ್ಲುಗಳನ್ನು ಎತ್ತಿ ಗೇಟಿನ ಬದಿಯಲ್ಲಿ ಸಾಲಾಗಿ ಜೋಡಿಸಿದಳು. ಚೀಲದಿಂದ ಚೆಂಡು ತೆಗೆದು ಅದರ ಮೇಲೆ ಮೆತ್ತಗೆ ಉರುಳಿಸಿದಳು. ಚೆಂಡು ಮೊದಲನೆಯ ಸಂದಿಯಲ್ಲಿ ಹಾರಿತು, ಮುಂದಿನದ್ದರಲ್ಲಿ ಓರೆಯಾಗಿ ಚರಂಡಿಗೆ ಬಿತ್ತು.

"ಅಜ್ಜ, ಮುಂದಿನ ವರ್ಷ ನಾನು ಎಲ್ಲಿ ಆಡುವುದು?" ಎಂದು ನನ್ನ ತಮ್ಮನನ್ನು ಕೇಳಿದಳು. ಅಷ್ಟೇ. ಸ್ವರ ಎತ್ತಲಿಲ್ಲ. ನನಗೆ ಆ ಗುಣ ಇಲ್ಲ.

ತಮ್ಮ ಚರಂಡಿಗಿಳಿದು ಚೆಂಡು ಹೆಕ್ಕಿದ. ಒರೆಸಿ ಅವಳ ಕೈಗೆ ಕೊಟ್ಟ. ಆಮೇಲೆ ಆಳುಗಳ ಕಡೆ ತಿರುಗಿ, ಅವರೇ ತಪ್ಪು ಮಾಡಿದವರ ಹಾಗೆ, "ಏನು ನೋಡ್ತೀರಿ? ಕಲ್ಲು ಹೇರಿ ಪಿಕಪ್ಪಿಗೆ" ಎಂದು ಗದರಿಸಿದ. ನನ್ನ ಹತ್ತಿರ ತಪ್ಪಾಯಿತು ಎಂದು ಈವರೆಗೆ ಹೇಳಿಲ್ಲ. ಹೇಳುವವನೂ ಅಲ್ಲ. ಸನ್ಮಾನ ಶಾಲೆಯ ಹಾಲಿನಲ್ಲಿ ಆಯಿತು. ಭಾಷಣ ಮಾಡಿದವರಲ್ಲಿ ಒಬ್ಬರಿಗೂ ಆಟ ಗೊತ್ತಿರಲಿಲ್ಲ. ಅವಳ ತಂದೆಯ ಹೆಸರು ಹೇಳಿದರು, ತಮ್ಮನ ಹೆಸರು ಹೇಳಿದರು, ಅವಳಿಗೆ ಮಾತಾಡಲು ಮೈಕು ಕೊಡುವಷ್ಟರಲ್ಲಿ ಊಟದ ಗಡಿಬಿಡಿ ಶುರುವಾಯಿತು. ಅದರ ಸಿಟ್ಟು ಬೇರೆಯೇ ಉಂಟು.

ಆ ಶುಕ್ರವಾರ ಸಂಜೆಯ ಮಾತು ಹೇಳಿ ಮುಗಿಸುತ್ತೇನೆ. ಅಂಗಳ ಒಣಗಿತ್ತು. ಪ್ರಯಾಣದ ಬಟ್ಟೆಯಲ್ಲೇ, ಬರಿಗಾಲಿನಲ್ಲಿ, ಅವಳು ಕೋಲು ಹಿಡಿದು ಇಳಿದಳು. ನಾನು ಜಗಲಿಯ ಮೆಟ್ಟಿಲಲ್ಲಿ ಸೊಂಟಕ್ಕೆ ಎಣ್ಣೆ ತಿಕ್ಕಿಕೊಳ್ಳುತ್ತ ಕುಳಿತಿದ್ದೆ. ದೇಶಕ್ಕೆ ಆಡಿದವಳು ನನ್ನ ಅಂಗಳದಲ್ಲಿ ಆಡುವುದನ್ನು ನೋಡುವ ಆಸೆ. ಅವಳು ಚೆಂಡು ಉರುಳಿಸಿದಳು. ಅರ್ಧ ದಾರಿಯಲ್ಲಿ ನಿಂತುಬಿಟ್ಟಿತು. ಇನ್ನೊಂದು. ಅದೂ ನಿಂತಿತು. ಅವಳು ಕುಳಿತು, ಉಗುರಿನಲ್ಲಿ ನೆಲ ಕೆರೆದು ನೋಡಿ, ನನ್ನ ಕಡೆ ತಿರುಗಿ ಹುಬ್ಬು ಗಂಟು ಹಾಕಿದಳು.

"ಎಂತ ಅಜ್ಜಿ ಇದು? ಇಷ್ಟು ದಪ್ಪ ಯಾರು ಸಾರಿಸಿದ್ದು? ಚೆಂಡು ಓಡುವುದೇ ಇಲ್ಲ. ಅಂಗಳ ಹಾಳು ಮಾಡಿಟ್ಟಿದ್ದೀರಿ!"

ಬೆಳಗ್ಗಿನಿಂದ ಬಗ್ಗಿ ಬಗ್ಗಿ ಅಂಗಳ ಕಾದವಳಿಗೆ ಸಿಕ್ಕಿದ ಬಿರುದು ನೋಡಿ! ನನಗೆ ಸಿಟ್ಟು ನೆತ್ತಿಗೇರಿತು. "ಬಿದ್ದುಕೊಂಡಿರಲಿ ನಿನ್ನ ಚೆಂಡು. ಹೋಗಿ ಇಂಟರ್‌ಲಾಕ್ ಹಾಕಿಸಿಕೋ ಹಾಗಾದರೆ. ಅಜ್ಜನಿಗೆ ಫೋನು ಮಾಡು, ಪಿಕಪ್ ಇನ್ನೂ ವಾಮದಪದವು ದಾಟಿರಲಿಕ್ಕಿಲ್ಲ" ಎಂದು ಬೈಯುತ್ತಲೇ ಇದ್ದೆ. ಬೈಯುತ್ತಲೇ ಆ ದಪ್ಪ ಸೆಗಣಿ ಕೆರೆಯುವ ಹಾರೆ ಹುಡುಕಲು ಕೊಟ್ಟಿಗೆಗೆ ಹೋದೆ.